ವಿಮ್ ಬಾರದಿದ್ದರೆ ಪ್ರೋಗ್ರಾಮರ್ ಆಗಲು ನಾಲಾಯಕ್ಕೇ?

ಪ್ರಶ್ನೆ: ನಾನು ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಯಿತು. ಕೋಡ್ ಬರೆಯುವುದೆಲ್ಲ ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ (ಕೋಡ್ ಟೈಪ್ ಮಾಡಿ ತಿದ್ದುವ ಸಾಫ್ಟ್‌ವೇರ್). ನಮ್ಮ ತಂಡದ ಇಬ್ಬರು ಹಿರಿಯರಲ್ಲಿ ಒಬ್ಬರು ವಿಮ್ ಎಂಬ ಹಳೆಯ ಎಡಿಟರ್‌ನ ಭಕ್ತರು, ಇನ್ನೊಬ್ಬರು ಇಮ್ಯಾಕ್ಸ್ ಎಂಬ ಇನ್ನೊಂದು ಹಳೆಯ ಎಡಿಟರ್‌ನ ಭಕ್ತರು. ಅವರಿಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗಾಗದು, ನನ್ನನ್ನು ಗೇಲಿ ಮಾಡುವಾಗ ಮಾತ್ರ ಒಂದಾಗಿಬಿಡುತ್ತಾರೆ. ಒಂದು ವಾರ ಹಟ ಹಿಡಿದು ವಿಮ್ ಬಳಸಿದೆ. ಕೆಲಸ ಅರ್ಧಕ್ಕಿಳಿಯಿತು, ಬಿಟ್ಟುಬಿಟ್ಟೆ. ನಿಜವಾಗಿಯೂ ಇದನ್ನು ಕಲಿಯಲೇಬೇಕೆ? ಅಕ್ಷರ ಟೈಪ್ ಮಾಡುವ ಒಂದು ಸಾಫ್ಟ್‌ವೇರ್‌ಗಾಗಿ ಜನ ಇಷ್ಟೇಕೆ ಕಿತ್ತಾಡುತ್ತಾರೆ?

ಉತ್ತರ: ಕಲಿಯಲೇಬೇಕಾಗಿಲ್ಲ. ವಿಎಸ್ ಕೋಡ್ ಬಳಸುವುದರಿಂದ ನಿಮ್ಮ ಕೋಡ್ ಕಳಪೆಯಾಗುವುದಿಲ್ಲ, ಅವರು ವಿಮ್ ಬಳಸುವುದರಿಂದ ಅವರ ಕೋಡ್ ಶ್ರೇಷ್ಠವೂ ಆಗುವುದಿಲ್ಲ. ನಾನೇ ವಿಮ್ ಪಕ್ಷದ ಹಳೆಯ ಮತದಾರ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದರಲ್ಲಿ ಪಕ್ಷಪಾತ ಇಣುಕಿದರೆ ಅಷ್ಟನ್ನು ಕಳೆದು ಓದಿಕೊಳ್ಳಿ.

ಆದರೂ ವಿಐ (ವಿಮ್‌ನ ಪೂರ್ವಜ) ಬಗೆಯ ಎಡಿಟರ್‌ನಲ್ಲಿ ಒಂದು ಗಂಟೆಯ ಕಲಿಕೆ ಎಲ್ಲರಿಗೂ ಬೇಕು. ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಂಗಳು ಹೇಗಿರಬೇಕೆಂದು ಹೇಳುವ ಪಾಸಿಕ್ಸ್ ಮಾನದಂಡದಲ್ಲಿ ವಿಐಗೆ ಜಾಗವಿದೆ, ಇಮ್ಯಾಕ್ಸ್‌ಗೆ ಇಲ್ಲ. ನಡುರಾತ್ರಿ ಸರ್ವರ್ ಒಂದು ಕೈಕೊಟ್ಟು ನೀವು ದೂರದಿಂದ ಲಾಗಿನ್ ಆದಾಗ ಅಲ್ಲಿ ವಿಎಸ್ ಕೋಡ್ ಇರುವುದಿಲ್ಲ. ಸಣ್ಣ ಕಂಟೇನರ್ (ಒಂದು ಪ್ರೋಗ್ರಾಂ ಓಡಲು ಬೇಕಾದಷ್ಟನ್ನೇ ತುಂಬಿಕೊಟ್ಟ ಪೆಟ್ಟಿಗೆ) ಆದರೆ ಬಿಜಿಬಾಕ್ಸ್ ಎಂಬ ಪುಟ್ಟ ಉಪಕರಣಗಳ ಗಂಟಿನ ಜೊತೆ ಬರುವ ಪುಟ್ಟ ವಿಐ ಒಂದೇ ಗತಿ. ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಯಾವ ಎಡಿಟರ್ ಬೇಕೆಂದು ಹೇಳದಿದ್ದರೆ ಅದು ಸಾಮಾನ್ಯವಾಗಿ ವಿಐ ಅನ್ನೇ ತೆರೆಯುತ್ತದೆ. ಕೆಲವು ಲಿನಕ್ಸ್‌ಗಳು ಹೊಸಬರ ಮೇಲೆ ಕರುಣೆ ತೋರಿ ನ್ಯಾನೋ ಎಂಬ ಸರಳ ಎಡಿಟರ್ ಕೊಡುತ್ತವೆ. ಅದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಕಲಿಯಬೇಕಾದದ್ದು ಇಷ್ಟೇ. ಬರೆಯಲು ‘ಐ’ ಕೀ ಒತ್ತಿ. ಬರೆದಾದ ಮೇಲೆ ಎಸ್ಕೇಪ್. ಹುಡುಕಲು ಓರೆಗೆರೆ, ರದ್ದು ಮಾಡಲು ‘ಯು’. ಉಳಿಸಿ ಹೊರಬರಲು ಎಸ್ಕೇಪ್ ಒತ್ತಿ, ಕೋಲನ್ ಹಾಕಿ, ‘ಡಬ್ಲ್ಯು’ ‘ಕ್ಯೂ’ ಬರೆದು ಎಂಟರ್. ಏನನ್ನೂ ಉಳಿಸದೆ ಓಡಿಹೋಗಬೇಕಿದ್ದರೆ ಎಸ್ಕೇಪ್, ಕೋಲನ್, ‘ಕ್ಯೂ’, ಆಶ್ಚರ್ಯಸೂಚಕ, ಎಂಟರ್. ಈ ಕೊನೆಯದು ಗೊತ್ತಿಲ್ಲದೆ ಟರ್ಮಿನಲ್ಲನ್ನೇ (ಕಮಾಂಡ್ ಟೈಪ್ ಮಾಡುವ ಕಿಟಕಿಯನ್ನೇ) ಮುಚ್ಚಿದವರು ನೀವೊಬ್ಬರೇ ಇರಲಾರಿರಿ. ವಿಮ್‌ನಿಂದ ಹೊರಬರುವುದು ಹೇಗೆ ಎಂಬ ಪ್ರಶ್ನೆಯನ್ನು ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ 2017ರ ಹೊತ್ತಿಗೇ ಹತ್ತು ಲಕ್ಷ ಸಲ ತೆರೆದು ನೋಡಲಾಗಿತ್ತು.

ಇನ್ನು ಜಗಳದ ವಿಷಯ. ಈ ಎರಡು ಎಡಿಟರ್‌ಗಳು ಏಕೆ ಹೀಗಿವೆ ಎಂದು ತಿಳಿಯಬೇಕಾದರೆ ಅವು ಹುಟ್ಟಿದ ಕಾಲದ ಯಂತ್ರಗಳನ್ನು ನೋಡಬೇಕು. ಅದನ್ನು ಬಿಟ್ಟು ‘ಯಾವುದು ಮೇಲು’ ಎಂದು ಶುರು ಮಾಡಿದ ಚರ್ಚೆ ಯಾವತ್ತೂ ದಡ ಸೇರಿದ್ದಿಲ್ಲ.

1969ರಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್‌ಗಾಗಿ ‘ಎಡ್’ ಎಂಬ ಎಡಿಟರ್ ಬರೆದಾಗ ಬಳಕೆದಾರರ ಮುಂದೆ ಪರದೆಯೇ ಇರಲಿಲ್ಲ, ಕಾಗದದ ಮೇಲೆ ಅಚ್ಚೊತ್ತುವ ಟೆಲಿಟೈಪ್ ಇತ್ತು. ಸೆಕೆಂಡಿಗೆ ಹತ್ತು ಅಕ್ಷರ ಮುದ್ರಿಸುವ ಯಂತ್ರದ ಮುಂದೆ ಕೂತವರಿಗೆ ಮಾತು ಕಡಿಮೆಯಾದಷ್ಟೂ ಒಳ್ಳೆಯದು. ಹಾಗಾಗಿ ತಪ್ಪು ಕಮಾಂಡ್ ಕೊಟ್ಟರೆ ಎಡ್ ಹೇಳುವುದು ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ. ಏನು ತಪ್ಪಾಯಿತು ಎಂಬುದನ್ನು ನೀವೇ ಯೋಚಿಸಿಕೊಳ್ಳಬೇಕು. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕುಲೂರಿಸ್ ಇದನ್ನು ಸ್ವಲ್ಪ ಹದಗೊಳಿಸಿ, ಪಾಮರರಿಗೂ ದಕ್ಕುವ ಎಡಿಟರ್ ಎಂಬ ಅರ್ಥದಲ್ಲಿ ‘ಎಮ್’ ಎಂದು ಹೆಸರಿಟ್ಟರು. ಅದನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕಂಡ ಬಿಲ್ ಜಾಯ್ 1976ರಲ್ಲಿ ಚಕ್ ಹೇಲಿ ಜೊತೆ ಸೇರಿ ಬೆಳೆಸಲು ಶುರು ಮಾಡಿದರು. ಅದು ಮೊದಲು ‘ಎಕ್ಸ್’ ಆಯಿತು. ಅದರ ಪರದೆ ತುಂಬ ತೋರಿಸುವ ಅವತಾರವೇ ವಿಐ.

ಜಾಯ್ ಮನೆಯಿಂದ ಕೆಲಸ ಮಾಡುತ್ತಿದ್ದುದು 300 ಬಾಡ್ ವೇಗದ ಮೋಡೆಮ್‌ನಲ್ಲಿ. ಅಂದರೆ ಸೆಕೆಂಡಿಗೆ ಸುಮಾರು ಮೂವತ್ತು ಅಕ್ಷರ. 80 ಕಾಲಂ, 24 ಸಾಲಿನ ಪರದೆಯಲ್ಲಿ 1920 ಅಕ್ಷರ ಹಿಡಿಯುತ್ತವೆ. ಪರದೆಯನ್ನು ಒಮ್ಮೆ ಪೂರ್ತಿ ಬರೆಯಲು ಒಂದು ನಿಮಿಷಕ್ಕೂ ಹೆಚ್ಚು ಬೇಕು! ಇಂಥ ಲೈನಿನಲ್ಲಿ ಕರ್ಸರನ್ನು ಮೇಲೆ ಕೆಳಗೆ ಓಡಿಸಿ ಆಟವಾಡುವಂತಿಲ್ಲ. ಒಂದೇ ಅಕ್ಷರದಲ್ಲಿ ‘ಮುಂದಿನ ಪದಕ್ಕೆ ಹೋಗು’, ಎರಡರಲ್ಲಿ ‘ಈ ಸಾಲು ಅಳಿಸು’ ಎಂದು ಹೇಳುವಂತಿರಬೇಕು. ಅಕ್ಷರದ ಕೀಗಳನ್ನೇ ಕಮಾಂಡ್‌ಗಳಿಗೆ ಬಳಸಿಕೊಂಡರೆ ಟೈಪ್ ಮಾಡುವುದು ಯಾವಾಗ? ಅದಕ್ಕೇ ಎರಡು ಮೋಡ್: ಒಂದು ಆಜ್ಞೆಗೆ, ಇನ್ನೊಂದು ಬರವಣಿಗೆಗೆ. ಹೊಸಬರಿಗೆ ವಿಕಾರವೆನಿಸುವ ಈ ಏರ್ಪಾಡು ಅಂದಿನ ಲೈನಿನ ಬಡತನಕ್ಕೆ ಸಿಕ್ಕ ಪರಿಹಾರ.

ಕೀಬೋರ್ಡ್ ಕಥೆಯೂ ಹಾಗೆಯೇ. ಜಾಯ್ ಬಳಸುತ್ತಿದ್ದುದು ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಟರ್ಮಿನಲ್, ಅಂದರೆ ದೂರದ ಕಂಪ್ಯೂಟರಿಗೆ ಜೋಡಿಸಿದ ಪರದೆ ಮತ್ತು ಕೀಬೋರ್ಡ್. ಅದರಲ್ಲಿ ಬೇರೆ ಬಾಣದ ಕೀಗಳಿರಲಿಲ್ಲ; ಎಚ್, ಜೆ, ಕೆ, ಎಲ್ ಕೀಗಳ ಮೇಲೇ ಬಾಣದ ಗುರುತು ಮುದ್ರಿಸಿದ್ದರು. ಇಂದು ವಿಮ್ ಕಲಿಯುವವರು ಆ ನಾಲ್ಕು ಅಕ್ಷರಗಳನ್ನು ಮಂತ್ರದಂತೆ ಉರುಹೊಡೆಯುವುದು ಈ ಕಾರಣಕ್ಕೆ. ಎಸ್ಕೇಪ್ ಕೀ ಇದ್ದದ್ದು ಈಗ ಟ್ಯಾಬ್ ಇರುವ ಜಾಗದಲ್ಲಿ, ಎಡಗೈ ಕಿರುಬೆರಳಿನ ಪಕ್ಕದಲ್ಲೇ. ಈಗ ಅದು ಮೂಲೆಗೆ ಹೋಗಿದೆ. ಮೋಡ್ ಬದಲಿಸುವುದು ಆಗ ಸಲೀಸಾಗಿತ್ತು, ಈಗ ಕೈ ಚಾಚಬೇಕು. ಒಂದು ವಾರ ಹಟ ಹಿಡಿದು ಬಳಸಿದಾಗ ನಿಮಗೆ ಕಿರಿಕಿರಿಯಾದದ್ದರಲ್ಲಿ ಒಂದಿಷ್ಟು ಪಾಲು ಈ ಎಸ್ಕೇಪ್‌ನದ್ದೂ ಇರಬೇಕು.

ಅದೇ 1976ರಲ್ಲಿ ಎಂಐಟಿಯ ಕೃತಕ ಬುದ್ಧಿಮತ್ತೆ ಲ್ಯಾಬಿನಲ್ಲಿ ಇಮ್ಯಾಕ್ಸ್ ಹುಟ್ಟಿತು. ಅಲ್ಲಿ ಬಡತನವಿರಲಿಲ್ಲ. ಪಿಡಿಪಿ-10ರಂಥ ದೊಡ್ಡ ಯಂತ್ರ, ಅದಕ್ಕೆ ವೇಗದ ಪರದೆಗಳು. ಅಲ್ಲಿನವರು ಬಳಸುತ್ತಿದ್ದುದು ಟೆಕೋ ಎಂಬ ಹಳೆಯ ಎಡಿಟರ್. ಅದರಲ್ಲಿ ಬಹುಮಟ್ಟಿಗೆ ಯಾವ ಅಕ್ಷರ ಒತ್ತಿದರೂ ಏನೋ ಒಂದು ಕಮಾಂಡ್. ನಿಮ್ಮ ಹೆಸರನ್ನು ಟೈಪ್ ಮಾಡಿದರೆ ಟೆಕೋ ಏನು ಮಾಡುತ್ತದೆ ಎಂದು ಊಹಿಸುವುದೇ ಒಂದು ಆಟವಾಗಿತ್ತು. ಅದರ ಮೇಲೆ ಲ್ಯಾಬಿನವರು ತಮ್ಮ ತಮ್ಮ ರುಚಿಗೆ ತಕ್ಕಂತೆ ಮ್ಯಾಕ್ರೋ (ಹಲವು ಕಮಾಂಡ್‌ಗಳನ್ನು ಒಂದಾಗಿ ಕಟ್ಟಿದ ತುಣುಕು) ಬರೆದುಕೊಳ್ಳುತ್ತ ಹೋದರು. ಕೊನೆಗೆ ಒಬ್ಬರ ಟರ್ಮಿನಲ್ ಮುಂದೆ ಇನ್ನೊಬ್ಬರು ಕೂತರೆ ಯಾವ ಕೀ ಏನು ಮಾಡುತ್ತದೆಂದು ತಿಳಿಯದ ಸ್ಥಿತಿ ಬಂತು. ಈ ಕಲಸುಮೇಲೋಗರವನ್ನು ಒಂದು ಹದಕ್ಕೆ ತರಲು ಗೈ ಸ್ಟೀಲ್ ಶುರು ಮಾಡಿದ ಕೆಲಸವನ್ನು ರಿಚರ್ಡ್ ಸ್ಟಾಲ್ಮನ್ ಪೂರೈಸಿದರು. ಅದೇ ಇಮ್ಯಾಕ್ಸ್. ಎಲ್ಲರ ಕೀಗಳೂ ಒಂದೇ ಆಗಲಿ ಎಂದು ಹುಟ್ಟಿದ ಎಡಿಟರ್ ಇಂದು ಎಂಥದ್ದಾಗಿದೆ ಗೊತ್ತೇ? ಇಬ್ಬರು ಇಮ್ಯಾಕ್ಸ್ ಬಳಕೆದಾರರ ಸೆಟಿಂಗ್ ಒಂದೇ ಥರ ಇರುವುದು ದುರ್ಲಭ. ನಿಮ್ಮ ಹಿರಿಯರ ಕುರ್ಚಿಯಲ್ಲಿ ಇನ್ನೊಬ್ಬ ಇಮ್ಯಾಕ್ಸ್ ಬಳಕೆದಾರರನ್ನು ಕೂರಿಸಿ ನೋಡಿ, ಐದು ನಿಮಿಷದಲ್ಲಿ ‘ಇದೇನಿದು’ ಎಂದು ಎದ್ದುಬಿಡುತ್ತಾರೆ.

ಇಮ್ಯಾಕ್ಸ್‌ನಲ್ಲಿ ಟೈಪ್ ಮಾಡಿದ್ದು ನೇರ ಪರದೆಗೆ ಬೀಳುತ್ತದೆ, ಕಮಾಂಡ್‌ಗೆ ಕಂಟ್ರೋಲ್ ಅಥವಾ ಮೆಟಾ (ಇಂದು ಸಾಮಾನ್ಯವಾಗಿ ಆಲ್ಟ್) ಕೀ ಜೊತೆಗೆ ಒತ್ತಬೇಕು. ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆಂದೇ ಕಟ್ಟಿದ ಲಿಸ್ಪ್ ಯಂತ್ರಗಳ ‘ಸ್ಪೇಸ್ ಕೆಡೆಟ್’ ಕೀಬೋರ್ಡ್‌ನಲ್ಲಿ ಕಂಟ್ರೋಲ್, ಮೆಟಾ, ಸೂಪರ್, ಹೈಪರ್ ಎಂದು ನಾಲ್ಕು ಕೀಗಳು ಸ್ಪೇಸ್‌ಬಾರಿನ ಎರಡೂ ಕಡೆ ಸಾಲಾಗಿ ನಿಂತಿದ್ದವು, ಕಂಟ್ರೋಲ್ ಎಲ್ಲಕ್ಕಿಂತ ಹತ್ತಿರ. ಹೆಬ್ಬೆರಳಿನಲ್ಲಿ ಒತ್ತಬಹುದಿತ್ತು. ಮುಂದೆ ಐಬಿಎಂನ 101 ಕೀಗಳ ಕೀಬೋರ್ಡ್ ಬಂದು ಕಂಟ್ರೋಲನ್ನು ಕೆಳಮೂಲೆಗೆ ತಳ್ಳಿ, ಕ್ಯಾಪ್ಸ್ ಲಾಕ್‌ಗೆ ಒಳ್ಳೆಯ ಜಾಗ ಕೊಟ್ಟಿತು. ಯಾರಿಗೆ ಬೇಕಿತ್ತೋ ಅದು! ಅಲ್ಲಿಂದ ಇಮ್ಯಾಕ್ಸ್ ಮಂದಿಗೆ ಕಿರುಬೆರಳು ನೋವು ಅಂಟಿಕೊಂಡಿತು. ಎರಡೂ ಪಕ್ಷದವರು ಇಂದು ಎದುರಾಳಿಯ ಕೀಗಳನ್ನು ಹೀಯಾಳಿಸುವಾಗ ಬೈಯುತ್ತಿರುವುದು ನಿಜದಲ್ಲಿ ಮಾಯವಾದ ಯಂತ್ರಗಳನ್ನು.

ಮೋಡ್ ಬೇಕೇ ಬೇಡವೇ ಎಂಬ ವಾದಕ್ಕೆ ಇದಕ್ಕಿಂತ ಆಳದ ಒಂದು ಮುಖವಿದೆ, ಅದನ್ನು ಇಬ್ಬರೂ ಮರೆಯುತ್ತಾರೆ. ಜೆರಾಕ್ಸ್ ಪಾರ್ಕ್ ಸಂಶೋಧನಾಲಯದ ಬ್ರಾವೋ ಎಂಬ ಎಡಿಟರ್‌ಗೂ ವಿಐನಂತೆ ಮೋಡ್‌ಗಳಿದ್ದವು. ಅದರ ಬಗ್ಗೆ ಹೇಳುವ ಕಥೆ ಪ್ರಸಿದ್ಧ. ಬರೆಯುವ ಮೋಡ್‌ನಲ್ಲಿದ್ದೇನೆ ಎಂದುಕೊಂಡು ಯಾರೋ ‘ಎಡಿಟ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರು. ಅದು ಇದ್ದದ್ದು ಕಮಾಂಡ್ ಮೋಡ್‌ನಲ್ಲಿ. ಮೊದಲ ಅಕ್ಷರ ‘ಇ’ ಇಡೀ ದಾಖಲೆಯನ್ನು ಆಯ್ಕೆ ಮಾಡಿತು, ‘ಡಿ’ ಅದನ್ನು ಅಳಿಸಿತು, ‘ಐ’ ಬರೆಯುವ ಮೋಡ್‌ಗೆ ಒಯ್ದಿತು, ‘ಟಿ’ ಪರದೆಯ ಮೇಲೆ ಮೂಡಿತು. ಉಳಿದದ್ದು ಆ ಒಂದು ಅಕ್ಷರ. ಅಲ್ಲೇ ಕೆಲಸ ಮಾಡುತ್ತಿದ್ದ ಲ್ಯಾರಿ ಟೆಸ್ಲರ್‌ಗೆ ಮೋಡ್‌ಗಳೆಂದರೆ ಆಗುತ್ತಿರಲಿಲ್ಲ. ಟಿಮ್ ಮಾಟ್ ಜೊತೆ ಅವರು 1970ರ ದಶಕದ ಮಧ್ಯದಲ್ಲಿ ಕಟ್ಟಿದ ಜಿಪ್ಸಿ ಎಡಿಟರ್‌ನಲ್ಲಿ ಮೋಡ್‌ಗಳನ್ನು ಕಿತ್ತುಹಾಕಿದರು. ಇಂದು ನಾವೆಲ್ಲ ಬಳಸುವ ಕಟ್, ಕಾಪಿ, ಪೇಸ್ಟ್ ರೂಢಿಗೆ ಬಂದದ್ದು ಆ ಕೆಲಸದಿಂದ. ತಮ್ಮ ಕಾರಿನ ನಂಬರ್ ಪ್ಲೇಟಿನಲ್ಲೂ ‘ನೋ ಮೋಡ್ಸ್’ ಎಂದು ಬರೆಸಿಕೊಂಡಿದ್ದ ಮನುಷ್ಯ! ನೀವು ಬಳಸುವ ವಿಎಸ್ ಕೋಡ್‌ನ ನಡವಳಿಕೆ ಆ ಪರಂಪರೆಯದು. ಹಿರಿಯರು ಅದನ್ನು ‘ಮಕ್ಕಳ ಎಡಿಟರ್’ ಎಂದು ಕರೆದರೆ, ಇದು ಪಾರ್ಕ್ ಮನೆತನದ್ದು ಎಂದು ಹೇಳಿ, ವಂಶಾವಳಿಯೇನೂ ಸಣ್ಣದಲ್ಲ.

ಹಾಗಾದರೆ ನಾನೇಕೆ ವಿಮ್ ಬಳಸುತ್ತೇನೆ? ಅದರ ಕಮಾಂಡ್‌ಗಳಿಗೆ ವ್ಯಾಕರಣವಿದೆ, ಅದಕ್ಕೆ. ಒಂದು ಉದಾಹರಣೆ ನೋಡಿ. ಉದ್ಧರಣ ಚಿಹ್ನೆಯೊಳಗೆ ಒಂದು ಉದ್ದನೆಯ ಫೈಲ್ ಹೆಸರಿದೆ, ಅದನ್ನು ಬದಲಿಸಬೇಕು. ಕರ್ಸರ್ ಆ ಹೆಸರಿನ ಮಧ್ಯೆ ಎಲ್ಲಾದರೂ ಇರಲಿ. ‘ಸಿ’, ‘ಐ’, ಉದ್ಧರಣ ಚಿಹ್ನೆ, ಈ ಮೂರು ಒತ್ತಿದರೆ ಒಳಗಿನದ್ದೆಲ್ಲ ಅಳಿದು ಬರೆಯಲು ಜಾಗ ಸಿದ್ಧ. ‘ಸಿ’ ಅಂದರೆ ಬದಲಿಸು, ‘ಐ’ ಅಂದರೆ ಒಳಗೆ, ಕೊನೆಯದು ಯಾವುದರ ಒಳಗೆ ಎಂಬುದು. ‘ಸಿ’ ಬದಲು ‘ಡಿ’ ಎಂದರೆ ಅಳಿಸು, ‘ವೈ’ ಎಂದರೆ ನಕಲು ಮಾಡಿಕೊ. ಉದ್ಧರಣ ಚಿಹ್ನೆಯ ಬದಲು ಆವರಣ ಚಿಹ್ನೆ ಕೊಟ್ಟರೆ ಆವರಣದೊಳಗಿನದ್ದು, ‘ಪಿ’ ಕೊಟ್ಟರೆ ಇಡೀ ಪ್ಯಾರಾ. ಹತ್ತು ಕ್ರಿಯೆ, ಹತ್ತು ವಸ್ತು ಗೊತ್ತಿದ್ದರೆ ನೂರು ಕಮಾಂಡ್ ಬಂದಂತೆ. ಇದರ ಮೇಲೆ ಚುಕ್ಕಿಯ ಕೀ ಬೇರೆ: ಈಗಷ್ಟೇ ಮಾಡಿದ ಬದಲಾವಣೆಯನ್ನು ಇನ್ನೊಂದು ಕಡೆ ಹೋಗಿ ಒಂದೇ ಒತ್ತಿಗೆ ಮತ್ತೆ ಮಾಡುತ್ತದೆ. ಈ ರುಚಿ ಹತ್ತಿದವರು ಬೇರೆ ಎಡಿಟರ್‌ಗೆ ಹೋದಾಗಲೂ ಬೆರಳುಗಳು ಇದನ್ನೇ ಹುಡುಕುತ್ತವೆ. ವಿಎಸ್ ಕೋಡ್‌ಗೆ ವಿಮ್ ಎಕ್ಸ್‌ಟೆನ್ಷನ್ ಇರುವುದು, ಇಮ್ಯಾಕ್ಸ್‌ಗೂ ‘ಈವಿಲ್’ ಎಂಬ ಹೆಸರಿನ ವಿಮ್ ವೇಷ ಇರುವುದು ಇದರಿಂದಲೇ. ಭಾಷೆ ಗೆದ್ದಿದೆ, ಎಡಿಟರ್ ಯಾವುದಾದರೂ ಆದೀತು ಎಂಬುದು ನನ್ನ ಲೆಕ್ಕ.

ಇಮ್ಯಾಕ್ಸ್‌ನ ಬಲ ಬೇರೆ ಜಾತಿಯದು. ಅದರ ಬಹುಭಾಗ ಇಮ್ಯಾಕ್ಸ್ ಲಿಸ್ಪ್‌ನಲ್ಲಿದೆ. ಯಾವ ಕೀ ಏನು ಮಾಡುತ್ತದೆಂದು ಅದನ್ನೇ ಕೇಳಬಹುದು: ಕಂಟ್ರೋಲ್ ಎಚ್, ಆಮೇಲೆ ‘ಕೆ’, ಆಮೇಲೆ ಆ ಕೀ. ಯಾವ ಫಂಕ್ಷನ್ ಎಂದು ಹೇಳುತ್ತದೆ, ಅಲ್ಲಿಂದ ಅದರ ಕೋಡ್‌ಗೇ ಕರೆದೊಯ್ಯುತ್ತದೆ. ಅಲ್ಲಿ ಎರಡು ಸಾಲು ತಿದ್ದಿ, ಎಡಿಟರ್ ಮುಚ್ಚದೆಯೇ ಹೊಸ ನಡವಳಿಕೆ ಜಾರಿಗೆ ತರಬಹುದು. ಓಡುತ್ತಿರುವ ತಂತ್ರಾಂಶದ ಹೊಟ್ಟೆಯೊಳಗೆ ಕೈಹಾಕುವ ಈ ಸ್ವಾತಂತ್ರ್ಯ ಇಷ್ಟು ಸರಾಗವಾಗಿ ಬೇರೆಲ್ಲೂ ಸಿಗುವುದು ಅಪರೂಪ. ಟಿಪ್ಪಣಿ, ಕೆಲಸದ ಪಟ್ಟಿಗಳಿಗೆ ಆರ್ಗ್ ಮೋಡ್, ಗಿಟ್‌ಗೆ ಮ್ಯಾಗಿಟ್ ಇವೆರಡಕ್ಕಾಗಿಯೇ ಇಮ್ಯಾಕ್ಸ್‌ನಲ್ಲಿ ಉಳಿದವರಿದ್ದಾರೆ, ಮತ್ತು ಅವರು ಹೇಳುವುದರಲ್ಲಿ ತಥ್ಯವಿದೆ. ‘ಇಮ್ಯಾಕ್ಸ್ ಒಳ್ಳೆಯ ಆಪರೇಟಿಂಗ್ ಸಿಸ್ಟಂ, ಒಳ್ಳೆಯ ಎಡಿಟರ್ ಒಂದೇ ಕೊರತೆ’ ಎಂಬ ಹಳೆಯ ವಿಮ್ ಜೋಕನ್ನು ಈವಿಲ್ ಬಳಸುವವರು ಈಗ ನಗುತ್ತಲೇ ಒಪ್ಪಿಕೊಳ್ಳುತ್ತಾರೆ. ಇತ್ತ ಸ್ಟಾಲ್ಮನ್ ತಮ್ಮ ಭಾಷಣಗಳಲ್ಲಿ ಸಂತನ ವೇಷ ತೊಟ್ಟು ‘ಇಮ್ಯಾಕ್ಸ್ ಚರ್ಚ್’ನ ಪರವಾಗಿ ಆಶೀರ್ವದಿಸುತ್ತಿದ್ದರು. ವಿಐನ ಮುಕ್ತ ಆವೃತ್ತಿ ಬಳಸುವುದು ಪಾಪವೇ ಎಂದು ಕೇಳಿದವರಿಗೆ, ಪಾಪವಲ್ಲ, ಪ್ರಾಯಶ್ಚಿತ್ತ ಎಂಬುದು ಅವರ ಉತ್ತರ. ಮೂಲ ಜಗಳದಲ್ಲಿ ಇಷ್ಟು ತಮಾಷೆಯಿತ್ತು. ತಮಾಷೆ ಒಣಗಿ ಗೇಲಿ ಮಾತ್ರ ಉಳಿದದ್ದು ನಿಮ್ಮ ಆಫೀಸಿನಂಥ ಕಡೆ.

ವೇಗದ ಮಾತಿಗೆ ಬರೋಣ. ‘ಮೌಸ್ ಮುಟ್ಟಿದರೆ ಸಮಯ ಹಾಳು’ ಎಂಬುದು ನಿಮ್ಮ ಹಿರಿಯರ ಮುಖ್ಯ ಅಸ್ತ್ರವಾಗಿರಬೇಕು. ಆ್ಯಪಲ್‌ನ ಇಂಟರ್‌ಫೇಸ್ ತಜ್ಞರಾಗಿದ್ದ ಬ್ರೂಸ್ ಟೊಗ್ನಾಜಿನಿ 1989ರಲ್ಲೇ ಇದಕ್ಕೆ ಉಲ್ಟಾ ಹೇಳಿದ್ದರು. ಪರೀಕ್ಷೆಗೆ ಕೂತವರು ಕೀಬೋರ್ಡೇ ವೇಗ ಎನ್ನುತ್ತಾರೆ, ಗಡಿಯಾರ ಮೌಸ್ ವೇಗ ಎನ್ನುತ್ತದೆ ಎಂದು. ಕಾರಣವಾಗಿ ಅವರು ಕೊಟ್ಟದ್ದು ಇದು: ಯಾವ ಕೀ ಎಂದು ನೆನಪಿಸಿಕೊಳ್ಳುವ ಕ್ಷಣದಲ್ಲಿ ತಲೆ ಕೆಲಸದಲ್ಲಿ ಮುಳುಗಿರುತ್ತದೆ, ಹೋದ ಸಮಯ ಗಮನಕ್ಕೆ ಬರುವುದಿಲ್ಲ. ಮೌಸ್ ಎಳೆಯುವಾಗ ತಲೆ ಖಾಲಿ, ಹಾಗಾಗಿ ಬೇಸರ. ಅದನ್ನು ಒಪ್ಪದವರು ಬಹಳ ಮಂದಿ. ಬೆರಳಿಗೆ ಕೂತುಬಿಟ್ಟ ಕಮಾಂಡ್‌ಗೆ ಈ ಮಾತು ಅನ್ವಯಿಸುವುದಿಲ್ಲ ಎಂದು ನನಗೂ ಅನಿಸುತ್ತದೆ. ಆದರೆ ‘ವೇಗವಾಗಿದೆ ಎನಿಸುವುದು’ ಮತ್ತು ‘ವೇಗವಾಗಿರುವುದು’ ಬೇರೆ ಬೇರೆ ಎಂಬ ಅವರ ಮಾತು ಗಟ್ಟಿ. ಅದಕ್ಕಿಂತ ಸರಳ ಸಂಗತಿ ಒಂದಿದೆ. ನಿಮ್ಮ ದಿನದಲ್ಲಿ ಟೈಪ್ ಮಾಡುವ ಹೊತ್ತೆಷ್ಟು, ಬೇರೆಯವರ ಕೋಡ್ ಓದುವ ಹೊತ್ತೆಷ್ಟು, ದೋಷ ಎಲ್ಲಿದೆ ಎಂದು ತಲೆ ಕೆರೆದುಕೊಳ್ಳುವ ಹೊತ್ತೆಷ್ಟು ನೋಡಿಕೊಳ್ಳಿ. ಅಳಿಸುವುದರಲ್ಲಿ ಉಳಿಸಿದ ಎರಡು ಸೆಕೆಂಡುಗಳಿಂದ ಯಾವ ಪ್ರಾಜೆಕ್ಟೂ ಬೇಗ ಮುಗಿದದ್ದು ನಾನು ಕಂಡಿಲ್ಲ. ವಿಮ್ ನನಗೆ ಕೊಡುವುದು ಹಿತ. ಅದನ್ನು ಉತ್ಪಾದಕತೆ ಎಂದು ಕರೆದು ಮಾರುವುದು ನನಗೆ ಇಷ್ಟವಿಲ್ಲ.

ದೊಡ್ಡವರು ಏನು ಬಳಸುತ್ತಾರೆ ನೋಡಿ. ಲಿನಕ್ಸ್ ಕರ್ನಲ್ ಬರೆದ ಲಿನಸ್ ಟೊರ್ವಾಲ್ಡ್ಸ್ ಬಳಸುವುದು ಮೈಕ್ರೋ ಇಮ್ಯಾಕ್ಸ್ ಎಂಬ ಹಳೆಯ, ಹೆಚ್ಚಿನವರು ಹೆಸರೂ ಕೇಳಿರದ ಎಡಿಟರ್. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ನೂತ್ ಬಳಸುವುದು ಇಮ್ಯಾಕ್ಸ್. ಯುನಿಕ್ಸ್ ತಂಡದ ರಾಬ್ ಪೈಕ್ ತಾವೇ ಕಟ್ಟಿದ ಆಕ್ಮಿ ಎಡಿಟರ್‌ನಲ್ಲಿ ಮೌಸಿನ ಮೂರೂ ಗುಂಡಿಗಳಿಗೆ ಭರ್ತಿ ಕೆಲಸ ಕೊಟ್ಟಿದ್ದಾರೆ. ಮೌಸ್ ಮುಟ್ಟಿದರೆ ಪ್ರೋಗ್ರಾಮರ್ ಅಲ್ಲ ಎನ್ನುವವರು ಅವರಿಗೆ ಏನು ಹೇಳುತ್ತಾರೋ! ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಹಳೆಯ ಡಾಸ್ ಯಂತ್ರದ ಮೇಲೆ ವರ್ಡ್‌ಸ್ಟಾರ್ 4.0 ಎಂಬ ಬರವಣಿಗೆಯ ಸಾಫ್ಟ್‌ವೇರ್ ಹಿಡಿದು ಕೂತವರು. ಇವರ ಆಯ್ಕೆಗಳನ್ನು ಕೂಡಿಸಿ ನೋಡಿದರೆ ಯಾವ ಸೂತ್ರವೂ ಸಿಗುವುದಿಲ್ಲ. ಎಲ್ಲರೂ ತಮಗೆ ಒಗ್ಗಿದ್ದನ್ನು ಬಿಡದೆ ಹಿಡಿದುಕೊಂಡಿದ್ದಾರೆ, ಅಷ್ಟೇ.

ಹಾಗೆ ಹಿಡಿದುಕೊಳ್ಳುವುದಕ್ಕೆ ಕಾರಣವಿದೆ. ಕಡಿದಾದ ಎಡಿಟರ್ ಕಲಿಯಲು ತಿಂಗಳುಗಟ್ಟಲೆ ಪಾಡುಪಟ್ಟವರು, ಆಮೇಲೆ ವರ್ಷಗಟ್ಟಲೆ ಸೆಟಿಂಗ್ ಫೈಲನ್ನು ಸಾಲು ಸಾಲಾಗಿ ಬೆಳೆಸಿದವರು, ‘ಇದೂ ಒಂದು, ಅದೂ ಒಂದು’ ಎಂದು ಒಪ್ಪಲು ತಯಾರಿರುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಜೊತೆಗೆ ಗುಂಪಿನ ಗುರುತೂ ಸೇರಿಕೊಳ್ಳುತ್ತದೆ. ಕಪ್ಪು ಪರದೆಯ ಮೇಲೆ ಮೌಸಿಲ್ಲದೆ ಕೆಲಸ ಮಾಡುವುದು ನೋಡುವವರಿಗೆ ವಿದ್ಯೆಯಂತೆ ಕಾಣುತ್ತದೆ, ಹಾಗೆ ಕಾಣಿಸಿಕೊಳ್ಳುವುದು ಖುಷಿಯೂ ಹೌದು. ನಿಮ್ಮ ಹಿರಿಯರ ಗೇಲಿಯಲ್ಲಿ ಇನ್ನೊಂದು ಅಂಶವೂ ಇದ್ದೀತು: ಸಂಖ್ಯೆಯಲ್ಲಿ ಅವರು ಈಗ ಅಲ್ಪಸಂಖ್ಯಾತರು. ಸ್ಟ್ಯಾಕ್ ಓವರ್‌ಫ್ಲೋದ 2023ರ ಸಮೀಕ್ಷೆಯಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಜನ ವಿಎಸ್ ಕೋಡ್ ಬಳಸುತ್ತೇವೆ ಎಂದರು. ವಿಮ್ ಹೆಸರಿಸಿದವರು ಸುಮಾರು ಐವರಲ್ಲಿ ಒಬ್ಬರು, ಇಮ್ಯಾಕ್ಸ್ ನೂರಕ್ಕೆ ಐದರ ಆಸುಪಾಸು.

ವಿಎಸ್ ಕೋಡ್ ಇಷ್ಟು ಬೇಗ ಗೆದ್ದದ್ದು ಹೇಗೆ ಎಂಬುದನ್ನು ಅವರೂ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಅದರ ಲಾಭ ಅವರಿಗೂ ಸಿಕ್ಕಿದೆ. ಮೊದಲೆಲ್ಲ ಹೆಸರು ಪೂರ್ತಿ ಮಾಡುವುದು, ತಪ್ಪಿಗೆ ಕೆಂಪು ಗೆರೆ ಎಳೆಯುವುದು, ವ್ಯಾಖ್ಯೆ ಇರುವಲ್ಲಿಗೆ ಜಿಗಿಯುವುದು ಇಂಥದ್ದನ್ನೆಲ್ಲ ಪ್ರತಿ ಎಡಿಟರ್‌ಗೂ ಪ್ರತಿ ಭಾಷೆಗೂ ಬೇರೆ ಬೇರೆ ಬರೆಯಬೇಕಿತ್ತು. ಐದು ಎಡಿಟರ್, ಹತ್ತು ಭಾಷೆ ಎಂದರೆ ಐವತ್ತು ಸಲ ಅದೇ ದುಡಿಮೆ. 2015ರಲ್ಲಿ ವಿಎಸ್ ಕೋಡ್ ತಂದ ಮೈಕ್ರೋಸಾಫ್ಟ್, ಮರುವರ್ಷ ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಜೊತೆಗೂಡಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್ ಪ್ರಕಟಿಸಿತು. ಭಾಷೆಯ ಬುದ್ಧಿಯನ್ನು ಒಂದು ಪ್ರತ್ಯೇಕ ಸರ್ವರ್‌ನಲ್ಲಿಡಿ, ಎಡಿಟರ್ ಅದರೊಡನೆ ಒಂದೇ ರೀತಿಯಲ್ಲಿ ಮಾತಾಡಲಿ ಎಂಬುದು ಅದರ ತಿರುಳು. ಐವತ್ತರ ಜಾಗದಲ್ಲಿ ಹದಿನೈದು ಸಾಕು. 2014ರಲ್ಲಿ ವಿಮ್‌ನಿಂದ ಕವಲೊಡೆದ ನಿಯೋವಿಮ್‌ನಲ್ಲಿ ಇದು ಒಳಗೇ ಇದೆ. ಇಮ್ಯಾಕ್ಸ್‌ನ 29ನೇ ಆವೃತ್ತಿಯಿಂದ ‘ಎಗ್ಲಾಟ್’ ರೂಪದಲ್ಲಿ ಅಲ್ಲೂ ಇದೆ. ಮೂರೂ ಎಡಿಟರ್‌ಗಳಲ್ಲಿ ತಪ್ಪು ತೋರಿಸುತ್ತಿರುವುದು ಎಷ್ಟೋ ಸಲ ಒಂದೇ ಸರ್ವರ್. ‘ನನ್ನ ಎಡಿಟರ್ ಬುದ್ಧಿವಂತ’ ಎಂಬ ವಾದಕ್ಕೆ ಇದರಿಂದ ಗಾಳಿ ಹೋಯಿತು. ಉಳಿದದ್ದು ರುಚಿ.

ಹಳಬರ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಎಡಿಟರ್‌ನ ಆಯಸ್ಸು ದೊಡ್ಡ ವಿಷಯ. ಕೋಡ್ ಇಡುವ ತಾಣ ಗಿಟ್‌ಹಬ್ 2014ರಲ್ಲಿ ಆ್ಯಟಮ್ ಎಂಬ ಎಡಿಟರ್ ತಂದಿತು. ಜನ ಮುಗಿಬಿದ್ದರು. ವಿಎಸ್ ಕೋಡ್ ನಿಂತಿರುವ ಎಲೆಕ್ಟ್ರಾನ್ ಎಂಬ ತಳಹದಿ ಕೂಡ ಹುಟ್ಟಿದ್ದು ಆ್ಯಟಮ್‌ಗಾಗಿಯೇ. 2018ರಲ್ಲಿ ಮೈಕ್ರೋಸಾಫ್ಟ್ ಗಿಟ್‌ಹಬ್ಬನ್ನು ಕೊಂಡಿತು, 2022ರ ಡಿಸೆಂಬರ್‌ನಲ್ಲಿ ಆ್ಯಟಮ್‌ಗೆ ಬಾಗಿಲು ಹಾಕಿತು. ಅದರ ಕೀಗಳಿಗೆ ಕೈ ಒಗ್ಗಿಸಿಕೊಂಡವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ವಿಮ್ ಕಥೆ ನೋಡಿ: ಬ್ರಾಮ್ ಮೂಲೆನಾರ್ ಅಮಿಗಾ ಕಂಪ್ಯೂಟರ್‌ಗಾಗಿ ಬರೆದು 1991ರಲ್ಲಿ ಹೊರಬಿಟ್ಟರು, ಮೂವತ್ತು ವರ್ಷ ಮೀರಿ ನೋಡಿಕೊಂಡರು. ಬಳಕೆದಾರರಿಂದ ಅವರು ಕೇಳಿದ್ದು ಉಗಾಂಡದ ಮಕ್ಕಳಿಗೆ ನೆರವು. ವಿಮ್ ತೆರೆದಾಗ ಕಾಣುವ ಆ ಸಾಲು ಅದೇ. 2023ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ವಿಮ್ ನಿಲ್ಲಲಿಲ್ಲ. 2024ರ ಜನವರಿಯಲ್ಲಿ ಬಂದ 9.1ನೇ ಆವೃತ್ತಿಯನ್ನು ಉಳಿದವರು ಅವರಿಗೇ ಅರ್ಪಿಸಿದರು. ಒಂದು ಕಂಪನಿಯ ಲೆಕ್ಕಾಚಾರದ ಮೇಲೆ ನಿಂತಿಲ್ಲದ ಉಪಕರಣಕ್ಕೆ ಬೆರಳುಗಳನ್ನು ಪಳಗಿಸಿದರೆ ಆ ಶ್ರಮ ಬಹುಕಾಲ ಉಳಿಯುತ್ತದೆ ಎಂದು ನಿಮ್ಮ ಹಿರಿಯರು ಹೇಳಿದರೆ ಆ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅವರು ಅದನ್ನು ಹೇಳುವುದಿಲ್ಲ, ಮೌಸ್ ಬಗ್ಗೆಯೇ ಮಾತಾಡುತ್ತಾರೆ.

ನಡುವೆ ಒಂದು ಸಣ್ಣ ಮಾತು, ಕನ್ನಡದಲ್ಲಿ ಬರೆಯುವವರಿಗೆ. ಟರ್ಮಿನಲ್ ಎಂದರೆ ಒಂದೇ ಅಳತೆಯ ಚೌಕಗಳ ಸಾಲು; ಒತ್ತಕ್ಷರಗಳು, ಅಗಲ ಹೆಚ್ಚುಕಡಿಮೆ ಇರುವ ಅಕ್ಷರಗಳು ಅದರಲ್ಲಿ ನೆಟ್ಟಗೆ ಕೂರುವುದಿಲ್ಲ. ಟರ್ಮಿನಲ್‌ನ ವಿಮ್‌ನಲ್ಲಿ ಕನ್ನಡ ತಿದ್ದುವಾಗ ಕರ್ಸರ್ ಎಲ್ಲಿದೆ ಎಂದೇ ತಿಳಿಯದೆ ರೇಗುತ್ತದೆ. ಕಮಾಂಡ್ ಮೋಡ್‌ಗೆ ಹೋದಾಗ ಕೀಬೋರ್ಡ್ ಕನ್ನಡದಲ್ಲೇ ಉಳಿದಿದ್ದರೆ ಕಮಾಂಡ್‌ಗಳೂ ನಡೆಯುವುದಿಲ್ಲ. ಕನ್ನಡ ಪಠ್ಯಕ್ಕೆ ನಾನು ವಿಮ್ ಬಿಟ್ಟು ಕಿಟಕಿಯಲ್ಲಿ ತೆರೆಯುವ ಇಮ್ಯಾಕ್ಸ್ ಅಥವಾ ವಿಎಸ್ ಕೋಡ್‌ಗೆ ಹೋಗುತ್ತೇನೆ. ಇಮ್ಯಾಕ್ಸ್‌ನಲ್ಲಿ ಕನ್ನಡ ಟೈಪಿಂಗ್ ವಿಧಾನ ಜೊತೆಗೇ ಬರುತ್ತದೆ.

ತಂಡದೊಳಗೆ ಏನು ಮಾಡಬೇಕು? ಎಡಿಟರ್ ಯಾರದ್ದು ಏನೇ ಇರಲಿ, ಅದರ ಗುರುತು ಕೋಡ್‌ನಲ್ಲಿ ಉಳಿಯಬಾರದು. ಟ್ಯಾಬ್ ಹಾಕಬೇಕೇ ಸ್ಪೇಸ್ ಹಾಕಬೇಕೇ ಎಂಬ ಜಗಳಕ್ಕೆ ಈಗ ಅರ್ಥವಿಲ್ಲ. ಗೋ ಭಾಷೆಯವರು ಫಾರ್ಮ್ಯಾಟರ್ (ಕೋಡ್‌ನ ಜೋಡಣೆಯನ್ನು ತಾನೇ ಸರಿಪಡಿಸುವ ಸಾಧನ) ಕೊಟ್ಟು ಟ್ಯಾಬ್ ಎಂದುಬಿಟ್ಟರು, ಪೈಥಾನ್‌ನವರು ನಾಲ್ಕು ಸ್ಪೇಸ್ ಎಂದರು, ಲಿನಕ್ಸ್ ಕರ್ನಲ್‌ನಲ್ಲಿ ಟ್ಯಾಬ್ ಎಂಟು ಅಕ್ಷರದಗಲ. ನಿಮ್ಮ ತಂಡದ ರೆಪೊಸಿಟರಿಯಲ್ಲಿ (ಎಲ್ಲರ ಕೋಡ್ ಇರುವ ಗಿಟ್ ಕಣಜ) ಎಡಿಟರ್‌ಗಳಿಗೆಲ್ಲ ಒಂದೇ ನಿಯಮ ಹೇಳುವ ‘ಎಡಿಟರ್‌ಕಾನ್ಫಿಗ್’ ಫೈಲ್ ಇಟ್ಟು, ಕಮಿಟ್‌ಗೆ, ಅಂದರೆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವುದಕ್ಕೆ, ಮೊದಲು ಫಾರ್ಮ್ಯಾಟರ್ ಓಡುವಂತೆ ಮಾಡಿ. ನಿಮ್ಮ ವಿಎಸ್ ಕೋಡ್‌ನ ಸ್ವಂತ ಸೆಟಿಂಗ್‌ಗಳನ್ನು ಕಮಿಟ್ ಮಾಡಬೇಡಿ. ಅವರ ವಿಮ್ ಬಿಟ್ಟುಹೋಗುವ ಸ್ವಾಪ್ ಎಂಬ ತಾತ್ಕಾಲಿಕ ಫೈಲ್‌ಗಳು ರೆಪೊಸಿಟರಿಗೆ ಬಂದರೆ ಮರ್ಯಾದೆಯಿಂದ ತೋರಿಸಿಕೊಡಿ. ಆ ಒಂದು ಸಲ ನೀವು ನಕ್ಕರೂ ತಪ್ಪಿಲ್ಲ.

ಗೇಲಿಗೆ ಉತ್ತರ ಕೊಡಲು ಹೋಗಬೇಡಿ. ಬದಲಿಗೆ ವಿಮ್ ಹಿರಿಯರ ಪಕ್ಕ ಅರ್ಧ ಗಂಟೆ ಕೂತು ‘ನೀವು ಕೆಲಸ ಮಾಡಿ, ನಾನು ನೋಡುತ್ತೇನೆ’ ಎನ್ನಿ. ವಾದ ಮಾಡುವಾಗ ಹೇಳದ ಎಷ್ಟೋ ಸಂಗತಿ ಅವರ ಬೆರಳುಗಳು ತೋರಿಸುತ್ತವೆ. ಇಮ್ಯಾಕ್ಸ್‌ನವರ ಬಳಿ ಮ್ಯಾಗಿಟ್ ತೋರಿಸಲು ಕೇಳಿ, ಅವರು ಬೇಡವೆನ್ನಲಾರರು.

ಇನ್ನೊಮ್ಮೆ ಪ್ರಯತ್ನಿಸುವ ಮನಸ್ಸಿದ್ದರೆ ಪೂರ್ತಿ ವಲಸೆ ಹೋಗಬೇಡಿ. ಅರ್ಧ ಗಂಟೆಯ ‘ವಿಮ್‌ಟ್ಯೂಟರ್’ ವಿಮ್ ಜೊತೆಗೇ ಬರುತ್ತದೆ, ಮೊದಲು ಅದು. ಆಮೇಲೆ ಕ್ಯಾಪ್ಸ್ ಲಾಕ್ ಕೀಯನ್ನು ಎಸ್ಕೇಪ್ ಆಗಿ ಬದಲಿಸಿಕೊಳ್ಳಿ, ನಿಮ್ಮ ವಿಎಸ್ ಕೋಡ್‌ನಲ್ಲೇ ವಿಮ್ ಎಕ್ಸ್‌ಟೆನ್ಷನ್ ಹಾಕಿ. ಹೆಸರು ಪೂರ್ತಿ ಮಾಡುವುದು, ಡಿಬಗರ್, ಎಲ್ಲವೂ ಇದ್ದಲ್ಲೇ ಇರುತ್ತವೆ, ಬದಲಾಗುವುದು ತಿದ್ದುವ ರೀತಿಯೊಂದೇ. ಕೆಲಸದ ಒತ್ತಡ ಇರುವ ವಾರ ಬೇಡ. ಒಂದು ವಾರಕ್ಕೆ ಕೆಲಸ ಅರ್ಧಕ್ಕಿಳಿಯುವುದು ಸಹಜ. ತೀರ್ಮಾನ ಮಾಡಲು ಕನಿಷ್ಠ ಒಂದು ತಿಂಗಳು ಬೇಕು. ಆಗಲೂ ಒಗ್ಗದಿದ್ದರೆ ತೆಗೆದುಹಾಕಿ, ಯಾರ ಅಪ್ಪಣೆಯೂ ಬೇಡ.

ಇಂದೇ ಮಾಡಬಹುದಾದ ಒಂದು ಕೆಲಸವಿದೆ. ಗಿಟ್ ಸಂದೇಶ ಬರೆಯುವಾಗ ವಿಐ ತೆರೆದು ಗಾಬರಿಯಾಗುವುದನ್ನು ತಪ್ಪಿಸಲು, ಗಿಟ್‌ನ ಎಡಿಟರ್ ಸೆಟಿಂಗ್‌ನಲ್ಲಿ ವಿಎಸ್ ಕೋಡ್ ಹೆಸರು ಕೊಡಿ. ಕೊಡುವಾಗ ‘ವೇಟ್’ ಎಂಬ ಆಯ್ಕೆಯನ್ನು ಮರೆಯದೆ ಸೇರಿಸಿ. ಅದಿಲ್ಲದಿದ್ದರೆ ವಿಎಸ್ ಕೋಡ್ ಕಿಟಕಿ ತೆರೆದ ಕೂಡಲೇ ಗಿಟ್‌ಗೆ ‘ಆಯಿತು’ ಎಂದುಬಿಡುತ್ತದೆ. ನೀವಿನ್ನೂ ಮೊದಲ ಪದ ಬರೆಯುವ ಮೊದಲೇ ಸಂದೇಶ ಖಾಲಿಯಿದೆ ಎಂದು ಗಿಟ್ ಕಮಿಟನ್ನು ರದ್ದು ಮಾಡಿರುತ್ತದೆ.